ನಡುಗುವ ಕೈಯ ಸೂಲಗಿತ್ತಿ

"ಗುರುಗಳೇ, ಉಸಿರನ್ನು ಗಮನಿಸುತ್ತ ಕೂರು ಎಂದು ಹೇಳಿದಿರಿ. ನಾಲ್ಕು ತಿಂಗಳಿಂದ ಕೂರುತ್ತಿದ್ದೇನೆ. ಎದೆಯೊಳಗಿನ ಹೆದರಿಕೆ ಮಾತ್ರ ಹೋಗಿಲ್ಲ. ಇದು ಹೋಗುವುದು ಯಾವಾಗ?" ಎಂದು ಶಿಷ್ಯನಾದ ಅಡವಯ್ಯ ಕೇಳಿದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಇಪ್ಪತ್ತು ವರ್ಷಗಳಿಂದ ಹೆರಿಗೆ ಮಾಡಿಸುತ್ತಿದ್ದಳು. ಅವಳು ಹೊಸಿಲು ದಾಟಿ ಒಳಗೆ ಬಂದರೆ ಸಾಕು, ಅರ್ಧ ನೋವು ಇಳಿಯುತ್ತದೆ ಎಂದು ಹೆಂಗಸರು ಹೇಳುತ್ತಿದ್ದರು. ಒಮ್ಮೆ ನೇಕಾರನೊಬ್ಬನ ಹೆಂಡತಿಗೆ ಹೆರಿಗೆ ಮಾಡಿಸಲು ಹೋದಳು. ಹೊಕ್ಕುಳ ಬಳ್ಳಿ ಮಗುವಿನ ಕೊರಳಿಗೆ ಸುತ್ತಿಕೊಂಡಿತ್ತು. ಅವಳು ಬಿಡಿಸುವಷ್ಟರಲ್ಲಿ ಮಗು ನೀಲಿಗಟ್ಟಿತ್ತು. ಅದು ಅಳಲೇ ಇಲ್ಲ. ಅವಳನ್ನು ಯಾರೂ ಬೈಯಲಿಲ್ಲ. ನೇಕಾರ ಬಾಗಿಲವರೆಗೆ ಬಂದು ಕಳಿಸಿಕೊಟ್ಟ. ಬೈದಿದ್ದರೇ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

ಅಂದಿನಿಂದ ಅವಳ ಕೈ ನಡುಗತೊಡಗಿತು. ಕರೆಯಲು ಬಂದವರಿಗೆ ಜ್ವರವೆಂದು ಹೇಳಿ, ಪಕ್ಕದ ಊರಿನ ಸೂಲಗಿತ್ತಿಯ ಕಡೆಗೆ ಕಳಿಸುತ್ತಿದ್ದಳು. ಬಸುರಿಯರು ಎದುರಾದರೆ ಬೇರೆ ಓಣಿ ಹಿಡಿಯುತ್ತಿದ್ದಳು. ಯಾರಿಗೆ ಎಷ್ಟು ತಿಂಗಳಾಯಿತೆಂದು ಅವಳ ಮನಸ್ಸು ಮಾತ್ರ ಎಣಿಸುತ್ತಲೇ ಇತ್ತು. ಊಟ ಸೇರುತ್ತಿರಲಿಲ್ಲ, ನಿದ್ದೆ ಬರುತ್ತಿರಲಿಲ್ಲ. ಹೀಗೆ ಒಂದು ವರ್ಷ ಕಳೆಯಿತು.

ಕಡೆಗೆ ಅವಳು ಗುಡ್ಡದ ಗವಿಯಲ್ಲಿದ್ದ ಮುದಿ ತಪಸ್ವಿನಿಯ ಬಳಿಗೆ ಹೋದಳು. "ತಾಯೀ, ಈ ಹೆದರಿಕೆಯನ್ನು ತೆಗೆದುಹಾಕು," ಎಂದಳು.

"ಅದು ನನ್ನ ಕೈಲಾಗದು ಮಗಳೇ. ದಿನಾ ಬೆಳಿಗ್ಗೆ ಒಂದು ಗಳಿಗೆ ಸುಮ್ಮನೆ ಕೂರು. ಉಸಿರು ಬರುವುದನ್ನು ನೋಡು, ಹೋಗುವುದನ್ನು ನೋಡು. ಹೆದರಿಕೆ ಬಂದರೆ, ಬಂತು ಎಂದು ತಿಳಿದುಕೊ. ಅದರ ಹಿಂದೆ ಹೋಗಬೇಡ, ಅದನ್ನು ಓಡಿಸಲೂ ಬೇಡ. ಮತ್ತೆ ಉಸಿರಿಗೆ ಬಾ," ಎಂದಳು ತಪಸ್ವಿನಿ.

ಸೂಲಗಿತ್ತಿ ಕೂತಳು. ಮೊದಮೊದಲು ಹೆದರಿಕೆ ಇನ್ನೂ ಹೆಚ್ಚಾಯಿತು. ಕಣ್ಣು ಮುಚ್ಚಿದರೆ ಆ ನೀಲಿ ಮುಖವೇ ಕಾಣುತ್ತಿತ್ತು. ಏಳುವಾಗಲೆಲ್ಲ, ಹೋಯಿತೇ, ಹೋಯಿತೇ ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಮೂರು ತಿಂಗಳ ಹೊತ್ತಿಗೆ ಊಟ ಸೇರತೊಡಗಿತು, ನಿದ್ದೆಯೂ ಬಂತು. ಕೈ ನಡುಕ ಮಾತ್ರ ಹಾಗೇ ಇತ್ತು. ಇದು ನಿಲ್ಲುವವರೆಗೆ ಯಾರ ಹೆರಿಗೆಗೂ ಹೋಗಲಾರೆ ಎಂದು ನಿಶ್ಚಯಿಸಿದಳು.

ಒಂದು ಮಧ್ಯಾಹ್ನ ಅದೇ ನೇಕಾರ ಓಡಿ ಬಂದ. ಅವನ ಹೆಂಡತಿಗೆ ದಿನ ತುಂಬುವ ಮೊದಲೇ ನೋವು ಎದ್ದಿತ್ತು. ಪಕ್ಕದ ಊರಿನ ಸೂಲಗಿತ್ತಿ ಮಗಳ ಮನೆಗೆ ಹೋಗಿದ್ದಳು. ಜ್ವರವೆಂಬ ಮಾತು ಇವಳ ನಾಲಿಗೆಯ ತುದಿಗೆ ಬಂತು. ನೇಕಾರ ಬೇಡಿಕೊಳ್ಳಲಿಲ್ಲ. ಮಗ್ಗದಿಂದ ಎದ್ದವನು ಲಾಳಿಯನ್ನು ಕೆಳಗಿಡುವುದನ್ನೂ ಮರೆತು, ಅದನ್ನು ಹಿಡಿದುಕೊಂಡೇ ನಿಂತಿದ್ದ. ಅವಳು ಸೆರಗು ಸಿಕ್ಕಿಸಿಕೊಂಡು ಅವನ ಹಿಂದೆ ನಡೆದಳು.

ಅವಳನ್ನು ಕಂಡು ನೇಕಾರನ ಹೆಂಡತಿ ಗೋಡೆಯ ಕಡೆಗೆ ಮುಖ ತಿರುಗಿಸಿದಳು. "ನೀನಾ? ನಿನ್ನ ಕೈ ನಡುಗುತ್ತದಂತೆ," ಎಂದಳು.

"ನಡುಗುತ್ತದೆ ಕಣವ್ವ. ನಿನ್ನಷ್ಟೇ ನನಗೂ ಹೆದರಿಕೆಯಾಗಿದೆ. ಇಬ್ಬರೂ ಸೇರಿ ಒಂದು ಉಸಿರು ಎಳೆದುಕೊಳ್ಳೋಣ, ಬಾ."

ನೇಕಾರನ ಹೆಂಡತಿ ತಿರುಗಲಿಲ್ಲ. ಮುಂದಿನ ನೋವು ಬಂದಾಗ ಕೈ ಚಾಚಿ ಅವಳ ಮುಂಗೈಯನ್ನು ಹಿಡಿದುಕೊಂಡಳು.

ಹೊತ್ತು ಇಳಿಯುವಾಗ ಮಗುವಿನ ತಲೆ ಹೊರಬಂತು. ಸೂಲಗಿತ್ತಿ ಬೆರಳಿಟ್ಟು ನೋಡಿದಳು. ಕೊರಳಿಗೆ ಬಳ್ಳಿ ಸುತ್ತಿತ್ತು. ನೀಲಿ ಮುಖ ಕಣ್ಣ ಮುಂದೆ ಬಂದು ನಿಂತಿತು. ಬಂತು, ಎಂದು ಅವಳು ತಿಳಿದಳು. ಉಸಿರು ಬಿಟ್ಟು ಬೆರಳ ತುದಿಗೆ ಮರಳಿದಳು. ಅಲ್ಲಿದ್ದದ್ದು ಅಂದಿನ ಮಗುವಲ್ಲ, ಈ ಮಗು. ಇದರ ಬಳ್ಳಿ ಬೆಚ್ಚಗಿತ್ತು, ಅದರೊಳಗೆ ನಾಡಿ ಮಿಡಿಯುತ್ತಿತ್ತು.

"ಈಗ ತಿಣುಕಬೇಡ, ತಡಿ," ಎಂದಳು. ಬಳ್ಳಿಯ ಕೆಳಗೆ ಬೆರಳು ತೂರಿಸಿ ಸಡಿಲಿಸಿದಳು. ಮೆಲ್ಲಗೆ ಅದನ್ನು ತಲೆಯ ಮೇಲಿನಿಂದ ದಾಟಿಸಿದಳು. ಮಗು ಜಾರಿ ಅವಳ ಕೈಗೆ ಬಂತು. ಅಳಲಿಲ್ಲ.

"ಯಾಕೆ ಅಳ್ತಿಲ್ಲ? ಯಾಕವ್ವಾ?" ಎಂದು ತಾಯಿ ಚೀರಿದಳು.

ಸೂಲಗಿತ್ತಿ ಬಾಯೊಳಗಿನ ಲೋಳೆ ತೆಗೆದು ಮಗುವಿನ ಬೆನ್ನು ಉಜ್ಜಿದಳು. ಮತ್ತೆ ಉಜ್ಜಿದಳು. ಮೂರನೆಯ ಸಲ ಉಜ್ಜುವಾಗ ಮಗು ಕಿರ್ರೆಂದು ಅತ್ತಿತು. ಹೊರಗೆ ನಿಂತಿದ್ದ ನೇಕಾರ ಇದ್ದಲ್ಲೇ ಕುಸಿದು ಕುಳಿತ.

ಗುರುಗಳು ಕತೆ ನಿಲ್ಲಿಸಿದರು. ಅಡವಯ್ಯ, "ಹಾಗಾದರೆ ಆ ಗಳಿಗೆಯಲ್ಲಿ ಅವಳ ಹೆದರಿಕೆ ಹೋಗಿತ್ತೇ ಗುರುಗಳೇ?" ಎಂದು ಕೇಳಿದ.

"ಮಗುವನ್ನು ಹಿಡಿದಿದ್ದವಳಿಗೆ, ಹೆದರಿಕೆ ಹೋಯಿತೇ ಎಂದು ನೋಡಲು ಬಿಡುವೆಲ್ಲಿತ್ತಪ್ಪ?" ಎಂದರು ಗುರುಗಳು.