ಯಾರದೋ ಮಗನ ಗುಡ್ಡ

ಬೆಳಗಾವಿ ಸೀಮೆಯ ಹುಲಿಗೊಳ್ಳದ ಹೊರಗೆ ಬೋಳು ಗುಡ್ಡವೊಂದಿದೆ. ನೆತ್ತಿಯಲ್ಲಿ ಗುಡಿಯಿಲ್ಲ, ಕೋಟೆಯಿಲ್ಲ. ತುಕ್ಕು ಹಿಡಿದ ಕಬ್ಬಿಣದ ಕಂಬದ ಮೋಟು, ಅದರ ಬುಡದಲ್ಲೊಂದು ಚಪ್ಪಡಿ, ಅಷ್ಟೆ. ಬಿಸಿಲಲ್ಲಿ ಏದುಸಿರು ಬಿಡುತ್ತ ಹತ್ತಿದವರಿಗೆ ಇಷ್ಟಕ್ಕೇ ಬಂದೆವೇ ಎನಿಸಿದರೆ ತಪ್ಪಿಲ್ಲ.

ಹಿಂದೆ ಒಮ್ಮೆ, ಮೊದಲ ಮಹಾಯುದ್ಧ ಮುಗಿದು ಕೆಲವು ವರ್ಷಗಳಾದ ಮೇಲೆ, ಸುಬೇದಾರ ಜಡೆಪ್ಪ ನಾಯಕ ಆ ಕಂಬವನ್ನು ನೆಟ್ಟನೆನ್ನುತ್ತಾರೆ. ಇರಾಕಿನ ಬಸರಾದ ರಣರಂಗದಲ್ಲಿ ನಿಸ್ತಂತು ಪೆಟ್ಟಿಗೆಯ ಮುಂದೆ ಕೂತು ಕಟಕಟ ಸದ್ದನ್ನು ಅಕ್ಷರ ಮಾಡುವುದು ಅವನ ಕೆಲಸವಾಗಿತ್ತು. ಬಂದದ್ದರಲ್ಲಿ ಹೆಚ್ಚಿನವು ಸತ್ತವರ ಹೆಸರುಗಳು. ಕೇಳಿ ಕೇಳಿ ಜೀವ ಹಣ್ಣಾಗಿತ್ತು. ಈಗ ಗಾಳಿಯಲ್ಲಿ ಮನುಷ್ಯರ ದನಿಯೇ ಬರುತ್ತದಂತೆ ಎಂದು ತಿಳಿದಾಗ, ಸಾಯುವ ಮೊದಲು ಅದನ್ನೊಮ್ಮೆ ಕೇಳಬೇಕೆಂಬುದೊಂದೇ ಆಸೆ ಅವನಿಗೆ ಉಳಿದಿತ್ತು. ಆ ದನಿ ಹಿಡಿಯಲೆಂದೇ ಕಂಬ ನೆಟ್ಟು, ಅದರ ಬುಡದಲ್ಲಿ ರೇಡಿಯೋ ಪೆಟ್ಟಿಗೆ ಇಟ್ಟುಕೊಂಡ. ಊರವರು ಬೇರೆಯೇ ತಿಳಿದರು. ದಂಡಿಗೆ ಹೋದ ಮಕ್ಕಳ ಸುದ್ದಿ ತರುವ ಕಂಬವೆಂದು ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದರು. ತನ್ನ ಮಗ ಭರಮ ಬಸರಾದಲ್ಲಿ ತೀರಿಹೋದನೆಂದು ಸರ್ಕಾರ ತಿಳಿಸಿದರೂ ನಂಬದ ಮುದುಕಿ ನಿಂಗವ್ವ ದಿನಾ ಸಂಜೆ ಬಂದು ಕೂರುತ್ತಿದ್ದಳು. ಆ ಹೆಸರನ್ನು ಅಂದು ಬರೆದುಕೊಂಡ ಕೈ ಜಡೆಪ್ಪನದೇ. ಅದನ್ನು ಅವಳಿಗೆ ಹೇಳಲು ಅವನಿಗೆ ಬಾಯಿ ಬರಲಿಲ್ಲ.

ಒಂದು ಸಂಜೆ ಮುಂಬಯಿಯಿಂದ ಹಾಡೊಂದು ತೇಲಿ ಬಂತು. ಎಳೆಯ ಗಂಡುದನಿ. ಹಿಗ್ಗು ತಡೆಯಲಾರದೆ ಜಡೆಪ್ಪ ಹೆಡ್‌ಫೋನನ್ನು ಕಳಚಿ ಮುದುಕಿಯ ಕಿವಿಗಿಟ್ಟ. “ನನ್ನ ಭರಮ!” ಎಂದು ಅವಳು ಅತ್ತಳು. ಅಲ್ಲವೆನ್ನುವ ತ್ರಾಣ ಅವನಲ್ಲಿರಲಿಲ್ಲ. ಅಂದಿನಿಂದ ಹಾಡು ಸಿಕ್ಕಾಗಲೆಲ್ಲ ಅದು ಅವಳ ಪಾಲಾಯಿತು. ಬಯಸಿ ಪಡೆದ ದನಿಯೇ ಅವನಿಗೆ ಸುಳ್ಳಿನ ಹೊರೆಯಾಯಿತು. ಮಳೆಗಾಲ ಕಳೆಯುವಷ್ಟರಲ್ಲಿ ಅದನ್ನು ಹೊತ್ತು ಅವನಿಗೆ ಸಾಕಾಗಿಹೋಯಿತು.

“ನಿಂಗವ್ವಾ, ಅಂವ ಯಾವನೋ ಮುಂಬೈದಾಂವ. ಭರಮ ಹೋದ ಸುದ್ದಿ ನನ್ನ ಕಿವೀಗೇ ಬಂದಿತ್ತವ್ವಾ,” ಎಂದ.

ಮುದುಕಿ ಹೆಡ್‌ಫೋನನ್ನು ಮೆಲ್ಲಗೆ ಮಡಿಲಿಗಿಳಿಸಿದಳು. “ಹೆತ್ತಾಕಿಗೆ ಮಗನ ದನಿ ತಿಳಿಯೂದಿಲ್ಲೇನ್ರೀ ಸಾಹೇಬ್ರ? ಮೊದಲನೇ ದಿನ ಮೋಸ ಹೋದ್ನಿ, ಆಮ್ಯಾಲೆ ಇಲ್ಲ. ಆದ್ರ ಅಂವನೂ ಯಾರದೋ ಮಗ ಅಲ್ರೀ? ಬದುಕ್ಯಾನ, ಹಾಡಾಕತ್ತಾನ. ಅಷ್ಟ ಕೇಳಾಕ ಬರತೇನಿ.”

ರಣರಂಗದಲ್ಲಿ ಕಣ್ಣೀರು ಹಾಕದ ಸುಬೇದಾರ ಅವಳ ಕಾಲ ಬಳಿ ಕೂತು ಮಗುವಿನ ಹಾಗೆ ಅತ್ತನೆನ್ನುತ್ತಾರೆ.

ಪೆಟ್ಟಿಗೆ ಎಂದೋ ಕೆಟ್ಟಿತು, ಇಬ್ಬರೂ ಮಣ್ಣಾದರು, ಗುಡ್ಡಕ್ಕೆ ಮುದುಕಿಯ ಮಾತೇ ಹೆಸರಾಗಿ ಉಳಿಯಿತು. ಇಂದಿಗೂ ಅಲ್ಲಿಗೆ ಹತ್ತುವ ಹೆಂಗಸರು ತಮ್ಮ ಮಕ್ಕಳಿಗಾಗಿ ಏನನ್ನೂ ಬೇಡಿಕೊಳ್ಳುವುದಿಲ್ಲ. ಹಸಿದು ಬಂದ ಯಾವನಾದರೂ ತಿನ್ನಲಿ ಎಂದು ಚಪ್ಪಡಿಯ ಮೇಲೆ ಒಂದು ರೊಟ್ಟಿ ಇಟ್ಟು ಇಳಿಯುತ್ತಾರೆ.