ಗೋಣೆಪ್ಪನಿಗೆ ಕಾಣದ ಕುದುರೆ

ಮಕ್ಕಳೇ, ಒಂದು ಕಾಡಿನಲ್ಲಿ ಕೆರೆಯ ಪಕ್ಕ ದೊಡ್ಡದೊಂದು ಅತ್ತಿಮರವಿತ್ತು. ಅದರ ತುಂಬ ಮುಸುವ ಕೋತಿಗಳ ಹಿಂಡು. ಹಿಂಡಿನ ಯಜಮಾನ ಗೋಣೆಪ್ಪ. ಮರದ ಒಂದು ಹಣ್ಣನ್ನೂ ಅವನು ಬೇರೆಯವರಿಗೆ ಬಿಡುತ್ತಿರಲಿಲ್ಲ.

ಒಂದು ದಿನ ಅಳಿಲು ನಿಂಗಿ ಬಂದು ಕೇಳಿದಳು. "ಮಾವ, ನನ್ನ ಮರಿಗಳು ಹಸಿದಿವೆ. ಒಂದೇ ಒಂದು ಕೊಂಬೆ ನಮಗೆ ಬಿಡಿ."

ಗೋಣೆಪ್ಪ ನಕ್ಕ. "ಚದುರಂಗದಲ್ಲಿ ನನ್ನನ್ನು ಸೋಲಿಸು, ಬಿಡುತ್ತೇನೆ."

ಆ ಕಾಡಿನಲ್ಲಿ ಗೋಣೆಪ್ಪನನ್ನು ಸೋಲಿಸಿದವರೇ ಇರಲಿಲ್ಲ. ಆದರೂ ನಿಂಗಿ ಒಪ್ಪಿದಳು. ಬಂಡೆಯ ಮೇಲೆ ಮನೆಗಳನ್ನು ಗೀಚಿ, ಬೀಜ, ಕಲ್ಲುಗಳನ್ನೇ ಕಾಯಿಗಳಾಗಿ ಇಟ್ಟರು. ತೀರ್ಪು ಹೇಳಲು ಆಮೆಯಜ್ಜ ಬಂದು ಕೂತ. ಸುತ್ತ ಕಾಡೇ ನೆರೆಯಿತು.

ಆಟ ಅರ್ಧ ಸಾಗಿತ್ತು. ನಿಂಗಿ ತನ್ನ ಕುದುರೆಯನ್ನು ನಡುವಿನ ಒಂದು ಮನೆಗೆ ತಂದಿಟ್ಟಳು. ಗೋಣೆಪ್ಪ ಅದನ್ನು ನೋಡಲೇ ಇಲ್ಲ. ಅವನ ಕಣ್ಣೆಲ್ಲ ಮೂಲೆಯಲ್ಲಿ ಕಾವಲಿಲ್ಲದೆ ನಿಂತ ಅವಳ ಆನೆಯ ಮೇಲೆ.

"ಅಯ್ಯೋ ಪಾಪ, ಆನೆ ಹೋಯಿತು!" ಎನ್ನುತ್ತ ಮಂತ್ರಿಯಿಂದ ಆನೆಯನ್ನು ಹೊಡೆದ.

ನಿಂಗಿಯ ಕುದುರೆ ಚಂಗನೆ ಹಾರಿತು. "ರಾಜನಿಗೆ ಶಹ, ಮಾವ. ಮಂತ್ರಿಯೂ ನನ್ನ ಕುದುರೆಯ ಬಾಯಲ್ಲೇ ಇದ್ದಾನೆ."

ಗೋಣೆಪ್ಪ ಈಗ ಬಂಡೆಯುದ್ದಕ್ಕೂ ಕಣ್ಣಾಡಿಸಿದ. ಆ ಕುದುರೆಯನ್ನು ಹೊಡೆಯಲು ಅವನ ಕಾಯಿ ಒಂದೂ ಹತ್ತಿರವಿಲ್ಲ. ರಾಜನನ್ನು ಸರಿಸಲೇಬೇಕು, ಸರಿಸಿದರೆ ಮಂತ್ರಿ ಹೋಗುತ್ತಾನೆ. ಎಲ್ಲರೂ ನೋಡುತ್ತಿದ್ದಾರೆ.

"ಕಳ್ಳಿ! ಈ ಕುದುರೆ ಹತ್ತಿರದಲ್ಲೆಲ್ಲೂ ಇರಲೇ ಇಲ್ಲ. ನಾನು ಆ ಕಡೆ ನೋಡುವಾಗ ಸರಿಸಿದ್ದೀಯ!" ಎಂದು ಕೂಗಿದ.

ಆಮೆಯಜ್ಜ ಕತ್ತು ಚಾಚಿದ. "ಗೋಣೆಪ್ಪ, ಕುದುರೆ ಇದ್ದದ್ದು ಇಗೋ, ಈ ನಡುವಿನ ಮನೆಯಲ್ಲಿ. ನಾನೇ ನೋಡಿದ್ದೇನೆ. ಇಲ್ಲಿಂದ ನೀನೇ ಎಣಿಸು."

ಗೋಣೆಪ್ಪ ಬೆರಳಿಟ್ಟು ಎಣಿಸಿದ. ಎರಡು ಮನೆ ನೇರಕ್ಕೆ, ಒಂದು ಮನೆ ಪಕ್ಕಕ್ಕೆ. ಬೆರಳು ಸರಿಯಾಗಿ ಕುದುರೆಯ ಮೇಲೇ ಬಂದು ನಿಂತಿತು.

ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು ಎನಿಸಿತು ಅವನಿಗೆ. ಅವನ ಸ್ವಂತ ಮಕ್ಕಳೇ ನೆಲ ನೋಡುತ್ತಿದ್ದರು. ಬೆರಳನ್ನು ಬಂಡೆಯಿಂದ ಎತ್ತಲೂ ಅವನಿಗೆ ಧೈರ್ಯ ಬರಲಿಲ್ಲ.

ಕೊನೆಗೆ ಮೆಲ್ಲಗೆ ಹೇಳಿದ. "ಸೋತೆ ನಿಂಗಿ. ಕೊಂಬೆ ನಿನ್ನದು. ಸೋತೆನೆಂದು ಬೇಜಾರು ಮಾಡಿಕೊಂಡು ಏನೋ ಅಂದುಬಿಟ್ಟೆ."

"ಸೋಲು ದೊಡ್ಡದಲ್ಲ ಮಾವ," ಎಂದಳು ನಿಂಗಿ. "ನನ್ನನ್ನು ಕಳ್ಳಿ ಅಂದಿರಲ್ಲ, ಅದನ್ನು ನನ್ನ ಮಕ್ಕಳು ಕೇಳಿಸಿಕೊಂಡರು."

ಪೊದೆಯ ಹಿಂದೆ ಮೂರು ಅಳಿಲುಮರಿಗಳು ಅಳುತ್ತಿದ್ದವು. ಅಷ್ಟು ದೊಡ್ಡ ಗೋಣೆಪ್ಪ, ಎಲ್ಲರ ಎದುರಿಗೇ, ಆ ಮರಿಗಳ ಮುಂದೆ ಹೋಗಿ ಮೊಣಕಾಲೂರಿದ.

"ನಿಮ್ಮ ಅವ್ವ ಕಳ್ಳಿಯಲ್ಲ. ನಾನೇ ನೋಡಲಿಲ್ಲ," ಎಂದ.

ನೀತಿ: ಆಸೆಯ ಕಣ್ಣಿಗೆ ಎದುರಾಳಿಯ ನಡೆ ಕಾಣದು; ತನಗೆ ಕಾಣದ್ದನ್ನು ಇನ್ನೊಬ್ಬರ ಮೋಸವೆನ್ನಬಾರದು.