ಎಲೆ ತುಂಬಿದೆ

ಹೊಳೆ ದಡದ ಆ ಆಶ್ರಮದಲ್ಲಿ ಊಟಕ್ಕೆ ಕೂತವರು ಮಾತಾಡುವಂತಿಲ್ಲ. ಬೇಕು, ಸಾಕು ಅನ್ನುವಂತೆಯೂ ಇಲ್ಲ. ಬಡಿಸುವವನೇ ತಿಳಿದುಕೊಂಡು ಬಡಿಸಬೇಕು.

ಬಡಿಸುವ ಕೆಲಸ ಶಿಷ್ಯ ತಿಪ್ಪೇಶನದು. ಅವನಿಗೆ ಎಳವೆಯಲ್ಲೇ ಕಣ್ಣು ಹೋಗಿತ್ತು. ಇವನ ಕೈಗೆ ಸೌಟು ಕೊಟ್ಟಿದ್ದಾರಲ್ಲ ಅಂತ ಹೊಸಬರು ಗೊಣಗುತ್ತಿದ್ದರು, ಒಂದು ಊಟ ಆದಮೇಲೆ ಸುಮ್ಮನಾಗುತ್ತಿದ್ದರು. ಅವನು ಪ್ರತಿ ಎಲೆಯ ಮುಂದೆ ಬಗ್ಗಿ, ಉಣ್ಣುವ ಕೈಯ ಸದ್ದು ಕೇಳಿ ಬಡಿಸುತ್ತಿದ್ದ.

ಈ ಸಲ ಪಟ್ಟಣಕ್ಕೆ ಹೋದವನು ಹೊಸ ಕಣ್ಣು ಹಾಕಿಸಿಕೊಂಡು ಬಂದ. ಕಣ್ಣುಗುಡ್ಡೆಯ ಜಾಗದಲ್ಲಿ ಪುಟ್ಟ ಕ್ಯಾಮೆರಾ, ಕಿವಿಯ ಹಿಂದೆ ಚರ್ಮದಡಿ ಒಂದು ಚಿಪ್. ಕ್ಯಾಮೆರಾ ಕಂಡದ್ದನ್ನು ಚಿಪ್ ಕಿವಿಯಲ್ಲಿ ಹೇಳುತ್ತಿತ್ತು.

"ಎಲೆ ಖಾಲಿ." ಬಡಿಸಿದ.

"ಎಲೆ ತುಂಬಿದೆ." ಮುಂದೆ ಹೋದ.

ಬಗ್ಗುವ ಗೋಜೇ ಇಲ್ಲ. ಪಂಕ್ತಿ ಬೇಗ ಮುಗಿಯಿತು, ಒಂದು ಅಗುಳೂ ಚೆಲ್ಲಲಿಲ್ಲ. ಹುಡುಗ ಹಿಗ್ಗಿಹೋದ. ಹಿಗ್ಗದೆ ಇನ್ನೇನು ಮಾಡಿಯಾನು?

ಗುರುಗಳ ಹತ್ತಿರ ಹೋಗಿ ಕೇಳಿದ. "ಹೇಗಿತ್ತು ಅಜ್ಜಯ್ಯ?"

"ಚೆನ್ನಾಗಿ ಬಡಿಸಿದೆ. ಕೊನೇಲಿ ಕೂತಿದ್ದ ಆ ತಾಯಿ ಉಂಡಳೇನು?"

"ಆಕೆಗೇನೂ ಬೇಕಿರಲಿಲ್ಲ. ಎಷ್ಟು ಸಲ ಹೋದರೂ ಎಲೆ ತುಂಬೇ ಇತ್ತು."

"ಹೂಂ. ತುಂಬೇ ಇತ್ತು."

ತಿಪ್ಪೇಶ ಸೌಟು ಕೆಳಗಿಟ್ಟ. ಆ ಎಲೆಯಿಂದ ಕೈಯ ಸದ್ದೇ ಬಂದಿರಲಿಲ್ಲ. ಮೊದಲಾಗಿದ್ದರೆ ಅಲ್ಲೇ ಬಗ್ಗಿ ನಿಂತುಬಿಡುತ್ತಿದ್ದ.

"ಯಾರಾಕೆ?"

"ಮಗಳನ್ನ ಮಣ್ಣು ಮಾಡಿ ಬಂದವಳು. ಉಣ್ಣದೇ ಎದ್ದು ಹೋಗಿ ಹೊಳೆ ಮೆಟ್ಟಿಲ ಮೇಲೆ ಕೂತಿದಾಳೆ. ಸಂಜೆ ಬಸ್ಸಿಗೆ ಹೊರಡ್ತಾಳಂತೆ."

ತಿಪ್ಪೇಶನಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. "ಈ ಹಾಳು ಕಣ್ಣನ್ನ ನಾಳೇನೇ ತೆಗೆಸಿಬಿಡ್ತೀನಿ."

"ಎಲೆ ತುಂಬಿದೆ ಅಂದಿತು. ಸುಳ್ಳು ಹೇಳಿತೇನು?"

"ಇಲ್ಲ."

"ಮತ್ತೆ ಅದನ್ನ ಯಾಕೆ ಬೈತೀಯ?"

ಅಜ್ಜಯ್ಯ ಒಳಗೆ ಹೋಗಿ ಒಂದು ತಟ್ಟೆಯಲ್ಲಿ ಬಿಸಿ ಅನ್ನ ಸಾರು ತಂದು ಅವನ ಕೈಗಿಟ್ಟರು. "ಬಡಿಸಿದವನು ನೀನು. ನೀನೇ ತಗೊಂಡು ಹೋಗು."

ತಿಪ್ಪೇಶ ಎರಡು ಹೆಜ್ಜೆ ಇಟ್ಟು ನಿಂತ. "ಈ ಕಣ್ಣು ಬಂದ್ ಮಾಡಿ ಹೋಗಲಾ, ಅಜ್ಜಯ್ಯ?"

"ಬೇಡ. ಮೆಟ್ಟಿಲು ಪಾಚಿ ಕಟ್ಟಿದೆ, ಜಾರಿ ಬೀಳ್ತೀಯ. ದಾರಿಗೆ ಕಣ್ಣನ್ನ ಕರ್ಕೊಂಡು ಹೋಗು. ಆಕೆ ಪಕ್ಕ ಕೂರೋದಕ್ಕೆ ನೀನು ಹೋಗು."